ಹಳೆಯ ಲಾರಿಗೆ ದೊಡ್ಡ ಎಂಜಿನ್ ಕೂರಿಸುವ ಮುನ್ನ

ಹಳೆಯ ಲಾರಿಗೆ ಹೆಚ್ಚು ಶಕ್ತಿಯ ಎಂಜಿನ್ ಹಾಕಿಸಬೇಕೆಂದು ಬರುವ ಮಾಲೀಕರಲ್ಲಿ ಅನೇಕರು, ಎಂಜಿನ್ ದೊಡ್ಡದಾದರೆ ಹೆಚ್ಚು ಸರಕು ಹೇರಬಹುದೆಂದು ನಂಬಿರುತ್ತಾರೆ. ಎಂಜಿನ್ ಎಳೆಯುತ್ತದೆ, ಅಷ್ಟೇ. ಭಾರ ಹೊರುವುದು ಚಾಸಿ (ಲಾರಿಯ ಅಡಿ ಚೌಕಟ್ಟು), ಆಕ್ಸಲ್ (ಗಾಲಿಗಳ ಅಚ್ಚು), ಸ್ಪ್ರಿಂಗ್ ಪಟ್ಟಿ ಮತ್ತು ಟೈರುಗಳು. ತಡೆದು ನಿಲ್ಲಿಸುವುದು ಬ್ರೇಕು. ಇವು ಇದ್ದಂತೆಯೇ ಇರುವಾಗ ಲಾರಿಯ ಒಟ್ಟು ತೂಕದ ಮಿತಿ ಒಂದು ಕಿಲೋ ಕೂಡ ಏರುವುದಿಲ್ಲ. ಅದೇ ಹೊರೆಯೊಂದಿಗೆ 40 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದ ಗಾಡಿ 60ರಲ್ಲಿ ಹೋದರೆ, ಅದನ್ನು ನಿಲ್ಲಿಸಲು ಬ್ರೇಕ್ ಡ್ರಮ್ಮುಗಳು ಅರಗಿಸಿಕೊಳ್ಳಬೇಕಾದ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ.

ಇಷ್ಟನ್ನು ಒಪ್ಪಿದವರೂ ಟಾರ್ಕಿನ, ಅಂದರೆ ತಿರುಗಿಸುವ ಬಲದ, ಲೆಕ್ಕದಲ್ಲಿ ಎಡವುತ್ತಾರೆ. ಹಳೆಯ ಎಂಜಿನ್ನಿನ ಟಾರ್ಕ್ 400 ನ್ಯೂಟನ್ ಮೀಟರ್, ಮೊದಲ ಗೇರಿನ ಅನುಪಾತ 6, ಕ್ರೌನ್-ಪಿನಿಯನ್ (ಹಿಂದಿನ ಆಕ್ಸಲ್ ಒಳಗಿನ ಹಲ್ಲುಚಕ್ರಗಳ ಜೋಡಿ) ಅನುಪಾತ 5 ಎಂದಿಟ್ಟುಕೊಳ್ಳಿ. ಘರ್ಷಣೆಯ ನಷ್ಟವನ್ನು ಹಿಡಿಯದಿದ್ದರೆ, ಟಾರ್ಕ್ ಪ್ರತಿ ಹಂತದಲ್ಲೂ ಅನುಪಾತದಷ್ಟು ಪಟ್ಟಾಗುತ್ತದೆ: ಗೇರ್ ಬಾಕ್ಸಿನಿಂದ ಹೊರಬರುವಾಗ ಅದು 2,400 ಆಗಿ, ಹಿಂದಿನ ಆಕ್ಸಲ್ ತಲುಪುವಾಗ 12,000 ಆಗಿರುತ್ತದೆ. 600ರ ಎಂಜಿನ್ ಹಾಕಿದರೆ ಅಲ್ಲಿಗೆ ಬರುವುದು 18,000. ಮಾಲೀಕರ ಕಣ್ಣಿಗೆ ಹೆಚ್ಚಾದದ್ದು 200. ಆಕ್ಸಲ್ ಶಾಫ್ಟುಗಳ ಪಾಲಿಗೆ 6,000, ಅದೂ ವರ್ಷಗಟ್ಟಲೆ ತಿರುಚಿ ದಣಿದ ಉಕ್ಕಿನ ಮೇಲೆ.

ತಮ್ಮ ಲಾರಿಯನ್ನು ತಾವೇ ಓಡಿಸುವ, ಬಹಳ ಜತನದ ಮನುಷ್ಯರೊಬ್ಬರು ಬೇರೆಡೆ ಇಂಥ ಎಂಜಿನ್ ಹಾಕಿಸಿಕೊಂಡಿದ್ದರು. ಮೊದಲು ಕ್ಲಚ್ ಪ್ಲೇಟ್ ಸುಟ್ಟಿತು. ಗಟ್ಟಿಯಾದ ಕ್ಲಚ್ ಹಾಕಿಸಿದ ಮೇಲೆ, ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಟಾರ್ಕ್ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಕೀಲು) ಹೋಯಿತು. ಅದನ್ನೂ ಬದಲಿಸಿದಾಗ, ತುಂಬಿದ ಗಾಡಿ ಏರಿನಲ್ಲಿ ಹೊರಡುವಾಗ ಕ್ರೌನ್ ಹಲ್ಲು ಮುರಿಯಿತು. ಪ್ರತಿ ಸಲವೂ ಬಿಡಿಭಾಗವೇ ಕಳಪೆಯೆಂದು ಅವರು ತಿಳಿದಿದ್ದರು. ಈ ಲೆಕ್ಕವನ್ನು ಮೊದಲೇ ಬಿಡಿಸಿ ಹೇಳದೆ ಎಂಜಿನ್ ಮಾರಿದವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಪಿಕಪ್ ಇಲ್ಲವೆಂಬ ದೂರಿಗೆ ಎಂಜಿನ್ ಚಿಕ್ಕದೆಂಬುದೇ ಕಾರಣವಾಗಿರಬೇಕಿಲ್ಲ. ಕಂಪ್ರೆಶನ್ (ಸಿಲಿಂಡರಿನಲ್ಲಿ ಗಾಳಿ ಅದುಮುವ ಒತ್ತಡ) ಕುಸಿದಿರುವುದು, ಇಂಧನ ಸಿಂಪಡಿಸುವ ಇಂಜೆಕ್ಟರ್ ಕೆಟ್ಟಿರುವುದು, ಏರ್ ಫಿಲ್ಟರ್ ಕಟ್ಟಿರುವುದು, ಟರ್ಬೊ ಕೊಳವೆ ಸೋರುವುದು, ಕ್ಲಚ್ ಜಾರುವುದು, ಬ್ರೇಕ್ ಬಿಡದೆ ಹಿಡಿದಿರುವುದು ಸಹ ಗಾಡಿಯನ್ನು ಹೀಗೆಯೇ ನಿಸ್ತೇಜಗೊಳಿಸುತ್ತವೆ. ಇವನ್ನು ಪರೀಕ್ಷಿಸದೆ ಎಂಜಿನ್ ಇಳಿಸಲು ನಾನು ಒಪ್ಪುವುದಿಲ್ಲ.

ಹಾಗೆಂದು ಬದಲಾವಣೆ ಎಂದಿಗೂ ಕೂಡದೆಂದು ಹೇಳಲಾರೆ. ಅದೇ ತಯಾರಕರ ಮೇಲಿನ ಮಾದರಿಯ ಎಂಜಿನ್, ಕ್ಲಚ್, ಗೇರ್ ಬಾಕ್ಸ್ ಮತ್ತು ಹಿಂದಿನ ಆಕ್ಸಲ್ ಒಟ್ಟಾಗಿ ಸಿಕ್ಕಿ, ಚಾಸಿಯಲ್ಲಿ ಬಿರುಕಿಲ್ಲದೆ, ಹೆಚ್ಚುವ ಶಾಖಕ್ಕೆ ತಕ್ಕ ರೇಡಿಯೇಟರ್ ಕೂರುವಂತಿದ್ದು, ಎಂಜಿನ್ನಿನ ಹೆಚ್ಚುವರಿ ತೂಕವನ್ನು ಮುಂದಿನ ಆಕ್ಸಲ್ ತಾಳುವುದಾದರೆ ಯೋಚಿಸಬಹುದು. ನೋಂದಣಿ ಪ್ರಾಧಿಕಾರ ಮತ್ತು ವಿಮಾ ಕಂಪನಿಯ ನಿಯಮಗಳನ್ನು ಕೆಲಸಕ್ಕೆ ಮೊದಲೇ ಕೇಳಿಕೊಳ್ಳಬೇಕು. ನನ್ನ ಬಳಿ ಬರುವವರು ಎಂಜಿನ್ನಿನ ಚಿತ್ರ ತರುವ ಬದಲು, ಗೇರ್ ಬಾಕ್ಸ್ ಮತ್ತು ಆಕ್ಸಲ್‌ಗಳ ಮೇಲಿನ ಫಲಕದ ಸಂಖ್ಯೆಗಳನ್ನು ಬರೆದುಕೊಂಡು ಬಂದರೆ ಮಾತು ಅಲ್ಲಿಂದಲೇ ಆರಂಭವಾಗುತ್ತದೆ.