ಆ ಫೋನ್ ರಾತ್ರಿ ಯಾರ ಕೈಯಲ್ಲಿರುತ್ತದೆ?

ಕುಷ್ಟಗಿ, ಯಲಬುರ್ಗಾ ಕಡೆಯ ಹುಡುಗರು ಗುಳೆ ಹೋದರೆ ಊರಿಗೆ ಬರುವುದು ಹಬ್ಬಕ್ಕೋ ಮದುವೆಗೋ. ಆಸ್ಪತ್ರೆಯ ಆಪ್ತಸಮಾಲೋಚನೆ ಕೋಣೆಯಲ್ಲಿ ಅವರಿಗಾಗಿ ಕಾದು ಕೂತರೆ ವರ್ಷವೇ ಕಳೆಯುತ್ತದೆ. ಫೋನ್ ಮಾತ್ರ ಅವರ ಜೊತೆಗೇ ಇರುತ್ತದೆ. ಎಚ್‌ಐವಿ ತಡೆಯ ಸಂಶೋಧನೆ ಆನ್‌ಲೈನ್‌ಗೆ ಬಂದಿದ್ದು, ಫೋನಿಗೇ ಪ್ರಶ್ನೆ ಕಳಿಸಿ ಉತ್ತರ ಕೇಳುವುದು ಇದಕ್ಕೇ. ಅದು ಸರಿಯೂ ಹೌದು.

ಆದರೆ ಯಾರಾದರೂ ಪ್ರಶ್ನಾವಳಿ ತೋರಿಸಲು ಬಂದರೆ ನಾನು ಮೊದಲು ಕೇಳುವುದು ಇದು: ಈ ಫೋನ್ ರಾತ್ರಿ ಯಾರ ಕೈಯಲ್ಲಿರುತ್ತದೆ? ನಮ್ಮ ಕಡೆ ಒಂದೇ ಫೋನ್‌ನಲ್ಲಿ ತಂಗಿ ಪಾಠ ನೋಡುತ್ತಾಳೆ, ಅಪ್ಪ ಮೆಕ್ಕೆಜೋಳದ ರೇಟು ವಿಚಾರಿಸುತ್ತಾನೆ. ಗುಳೆ ಹೋದಲ್ಲಿ ಶೆಡ್‌ನಲ್ಲಿ ಐದಾರು ಜನ ಒಟ್ಟಿಗೆ ಮಲಗುತ್ತಾರೆ, ಪಾಸ್‌ವರ್ಡ್ ಎಲ್ಲರಿಗೂ ಗೊತ್ತು. ಅಂಥ ಸ್ಕ್ರೀನ್ ಮೇಲೆ ‘ಎಚ್‌ಐವಿ ಸರ್ವೆ ಪೂರ್ತಿ ಮಾಡಿ’ ಅಂತ ಮೆಸೇಜ್ ಬಂದರೆ ಆ ಹುಡುಗನ ಗತಿ ಏನು? ಗಂಡಸರ ಜೊತೆ ಸಂಬಂಧ ಇರುವವನಾದರೆ ಇನ್ನೂ ಕಷ್ಟ. ವಯಸ್ಕರ ಒಪ್ಪಿತ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ಹೇಳಿದೆ. ಆ ತೀರ್ಪು ಹಿಡಿದುಕೊಂಡು ಅವನು ಅಪ್ಪನ ಮುಂದೆ ನಿಲ್ಲಲಾರ, ಅಲ್ವಾ?

ಹಾಗಾಗಿ ಮೆಸೇಜಿನಲ್ಲಿ ರೋಗದ ಹೆಸರು ಬೇಡ. ಲಿಂಕ್ ತೆರೆದ ಮೇಲೆ ಎಲ್ಲವನ್ನೂ ಬಿಚ್ಚಿ ಹೇಳಿ, ಆಮೇಲೆ ಒಪ್ಪಿಗೆ ಕೇಳಿ. ಥಟ್ಟನೆ ಮುಚ್ಚುವ ಬಟನ್ ಇರಲಿ. ಓದಲು ತಡವರಿಸುವವರಿಗೆ ಆಡಿಯೊ ಕೊಡಿ, ಇಯರ್‌ಫೋನ್ ಹಾಕಿಕೊಳ್ಳಲು ಮೊದಲೇ ಹೇಳಿ. 18 ತುಂಬದವರ ಒಪ್ಪಿಗೆಯ ವಿಷಯವನ್ನು, ಸಂಶೋಧನೆಯಿಂದ ಯಾರಿಗೂ ತೊಂದರೆಯಾಗದಂತೆ ನೋಡಿಕೊಳ್ಳುವ ನೈತಿಕ ಸಮಿತಿಯ ಮುಂದೆ ಇಡದೆ ಶುರು ಮಾಡಲೇಬೇಡಿ.

‘ಅಸುರಕ್ಷಿತ ಲೈಂಗಿಕ ಸಂಪರ್ಕ’ ಅಂತ ಬರೆದರೆ ಹುಡುಗರು ಸುಮ್ನೆ ‘ಇಲ್ಲ’ ಒತ್ತಿ ಮುಂದೆ ಹೋಗುತ್ತಾರೆ. ‘ಹೋದ ಸಲ ಕೂಡಿದಾಗ ಕಾಂಡೋಮ್ ಹಾಕಿದ್ರಾ?’ ಅಂತ ಕೇಳಿ, ನಿಂತು ಯೋಚಿಸುತ್ತಾರೆ. ಇಂಥ ಮಾತು ಸಂಶೋಧಕರ ಮೇಜಿನಲ್ಲಿ ಹುಟ್ಟುವುದಿಲ್ಲ. ಗಂಗಾವತಿಯ ನಾಲ್ಕು ಹುಡುಗರನ್ನು, ಯಲ್ಲಮ್ಮನ ಸೇವೆಗೆ ನಿಂತ ಟ್ರಾನ್ಸ್‌ಜೆಂಡರ್ ಸಮುದಾಯದ ಜೋಗಪ್ಪಂದಿರನ್ನು ಪ್ರಶ್ನೆ ಬರೆಯುವಾಗಲೇ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರ ಆ ದಿನದ ಕೂಲಿಯನ್ನೂ ಕೊಡಿ.

ಉತ್ತರಿಸಿದವರಿಗೆ ಸಣ್ಣ ರೀಚಾರ್ಜ್ ಸಾಕು. ಹಣ ಜಾಸ್ತಿಯಾದರೆ ಒಬ್ಬನೇ ಹತ್ತು ಸಲ ತುಂಬುತ್ತಾನೆ. ಅದನ್ನು ತಡೆಯಲು ಆಧಾರ್ ಕೇಳಿದಿರೋ, ನಿಜವಾಗಿ ಬೇಕಾದವರೇ ಮೊದಲು ಓಡುತ್ತಾರೆ.

ನನಗೆ ಜಾಸ್ತಿ ಚಿಂತೆ ಬೇರೆಯದು. ನಡುರಾತ್ರಿ ಒಬ್ಬ ‘ನಿನ್ನೆ ಕಾಂಡೋಮ್ ಹರಿಯಿತು’ ಅಂತ ಬರೆಯುತ್ತಾನೆ. ಸೋಂಕು ತಡೆಯುವ ಔಷಧ 72 ಗಂಟೆಯೊಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೆಯದು. ಅವನ ಉತ್ತರ ಮಾಹಿತಿಯಾಗಿ ಸೇವ್ ಆಗಿ, ನಾವು ಅದನ್ನು ಮುಂದಿನ ತಿಂಗಳು ಓದಿದರೆ? ಅದಕ್ಕೇ, ಆ ಸಾಲು ಬರೆದ ತಕ್ಷಣ ಅದೇ ಸ್ಕ್ರೀನಿನಲ್ಲಿ ಉಚಿತ ಸಹಾಯವಾಣಿ 1097 ಬರಬೇಕು, ಬೆಳಿಗ್ಗೆ ಯಾವ ಆಸ್ಪತ್ರೆಗೆ ಹೋಗಬೇಕು ಅನ್ನುವುದೂ ಬರಬೇಕು.