ಉಸಿರು ಬೆರೆತರೆ ಅರ್ಥವೇ ಬೇರೆ

ಕನ್ನಡದಲ್ಲಿ ‘ಮನೆ’ ಎಂದು ನಿದ್ದೆಗಣ್ಣಿನ ಗೊರಗೊರ ದನಿಯಲ್ಲಿ ಹೇಳಿದರೂ ಅದು ಮನೆಯೇ, ಅಲ್ವಾ? ದಕ್ಷಿಣ ಮೆಕ್ಸಿಕೋದ ವಾಹಾಕಾ ರಾಜ್ಯದಲ್ಲಿರುವ ಸಾಂತಾ ಆನಾ ದೆಲ್ ವಾಯೆ ಊರಲ್ಲಿ ಹಾಗಲ್ಲ. ಅಲ್ಲಿನ ಸಾಪೊಟೆಕ್ ಮಾತಿನಲ್ಲಿ ‘ಲಾತ್’ ಎಂದು ಸಾದಾ ದನಿಯಲ್ಲಿ ಹೇಳಿದರೆ ಡಬ್ಬಿ. ಅದರ ‘ಆ’ ಸ್ವರಕ್ಕೆ ಉಸಿರು ಬೆರೆಸಿ, ದನಿ ಇಳಿಸಿ ಹೇಳಿದರೆ ಜಾಗ. ಹೊಲಕ್ಕೆ ‘ಲಾತ್ಸ್’ ಅನ್ನುತ್ತಾರೆ. ಅದರ ಸ್ವರ ಗಂಟಲಲ್ಲಿ ಕರಕರ ಎನ್ನಬೇಕು.

ಗಂಟಲಿನ ಧ್ವನಿತಂತುಗಳು ಹದವಾಗಿ ಕೂಡಿ ಅದುರಿದರೆ ಸಾದಾ ದನಿ. ಪೂರ್ತಿ ಮುಚ್ಚಿಕೊಳ್ಳದೆ ಗಾಳಿ ಸೋರಿದರೆ ಉಸಿರು ದನಿ. ಬಿಗಿಯಾಗಿ ಒತ್ತಿಕೊಂಡು, ನಿಧಾನವಾಗಿ, ಲಯ ತಪ್ಪಿ ಅದುರಿದರೆ ಕರಕರ ದನಿ. ಇಂಥದ್ದು ನಮ್ಮ ದೇಶದಲ್ಲೂ ಉಂಟು. ಗುಜರಾತಿಯಲ್ಲಿ ‘ಬಾರ್’ ಅಂದರೆ ಹನ್ನೆರಡು, ಅದೇ ಸ್ವರಕ್ಕೆ ಉಸಿರು ಸೇರಿದರೆ ‘ಹೊರಗೆ’.

ಸಾಪೊಟೆಕ್ ಭಾಷೆಗಳಲ್ಲಿ ದನಿಯ ಏರಿಳಿತವೂ ಅರ್ಥ ಬದಲಿಸುತ್ತದೆ. ತೊಡಕು ಇರುವುದು ಇಲ್ಲೇ. ದನಿ ಮೇಲೋ ಕೆಳಗೋ ಎಂದು ತಿಳಿಯಬೇಕಾದರೆ ತಂತುಗಳು ಒಂದೇ ಲಯದಲ್ಲಿ ಅದುರಬೇಕು. ಕರಕರ ದನಿಯಲ್ಲಿ ಲಯವೇ ಇರುವುದಿಲ್ಲ. ಹಾಗಾದರೆ ಎರಡನ್ನೂ ಒಂದೇ ಸ್ವರದಲ್ಲಿ ತರುವುದು ಹೇಗೆ? ಹಲವು ಸಾಪೊಟೆಕ್ ಭಾಷೆಗಳು ಸ್ವರವನ್ನೇ ಪಾಲು ಮಾಡಿಕೊಂಡಿವೆ. ಮೊದಲ ಭಾಗ ಸಾದಾ ದನಿಯಲ್ಲಿ ಏರಿಳಿತವನ್ನು ಕೇಳಿಸುತ್ತದೆ, ಕರಕರ ಕೊನೆಗೆ ಬರುತ್ತದೆ. ಕ್ಷಣದಲ್ಲಿ ಮುಗಿಯುವ ಒಂದು ಸ್ವರದಲ್ಲಿ ಇಷ್ಟು ಕೆಲಸ! ಮಕ್ಕಳು ಇದನ್ನು ಸುಮ್ನೆ ಕೇಳಿ ಕೇಳಿಯೇ ಕಲಿಯುತ್ತಾರೆ. ನನಗೆ ಎಲ್ಲಕ್ಕಿಂತ ಜಾಸ್ತಿ ಬೆರಗು ತರುವುದು ಇದೇ. ಸಾಂತಾ ಆನಾದಲ್ಲಿ ಮಾತು ಮುದ್ರಿಸಿ ಅಳೆದಾಗ ಮತ್ತೊಂದು ಸಂಗತಿ ಕಂಡಿತು. ಈ ಮೂರು ದನಿಗಳ ವ್ಯತ್ಯಾಸ ಗಂಡಸರಲ್ಲಿ ಒಂದು ಅಳತೆಯಲ್ಲಿ ಎದ್ದು ಕಂಡರೆ, ಹೆಂಗಸರಲ್ಲಿ ಇನ್ನೊಂದು ಅಳತೆಯಲ್ಲಿ. ಆದರೂ ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತದೆ.

ಸಾಪೊಟೆಕ್ ಎನ್ನುವುದು ಒಂದು ಭಾಷೆಯಲ್ಲ, ಭಾಷೆಗಳ ಗುಂಪು. ಎಲ್ಲ ಸೇರಿ 4 ಲಕ್ಷಕ್ಕೂ ಹೆಚ್ಚು ಜನ ಆಡುತ್ತಾರೆ. ದೂರದೂರದ ಊರಿನವರಿಗೆ ಪರಸ್ಪರ ಮಾತು ಅರ್ಥವಾಗದಿರುವುದೂ ಉಂಟು. ವಾಹಾಕಾದ ಮೊಂತೆ ಆಲ್ಬಾನ್ ಎಂಬ ಪ್ರಾಚೀನ ನಗರದ ಕಲ್ಲುಗಳ ಮೇಲೆ ಸಾಪೊಟೆಕ್ ಜನ 2,000 ವರ್ಷಗಳಿಗೂ ಹಿಂದೆ ಕೆತ್ತಿದ ಬರಹವಿದೆ. ಮೆಕ್ಸಿಕೋದ ಅಧ್ಯಕ್ಷರಾಗಿದ್ದ ಬೆನಿತೊ ಹ್ವಾರೆಸ್ ಅವರ ಮನೆಮಾತೂ ಸಾಪೊಟೆಕ್. ಇಷ್ಟಿದ್ದರೂ ಅಲ್ಲಿ ಎಷ್ಟೋ ಜನ ಇದನ್ನು ಬರೀ ಆಡುನುಡಿ ಎಂದು ಕೀಳಾಗಿ ಕಾಣುತ್ತಾರೆ. ಇದು ತಪ್ಪು. ಇದು ಸ್ಪ್ಯಾನಿಷ್‌ನ ಕವಲಲ್ಲ, ಅದರ ಕುಟುಂಬವೇ ಬೇರೆ. 2003ರ ಕಾನೂನು ಮೂಲನಿವಾಸಿಗಳ ಭಾಷೆಗಳನ್ನೆಲ್ಲ ರಾಷ್ಟ್ರಭಾಷೆಗಳೆಂದು ಒಪ್ಪಿದೆ.

ಸಾಂತಾ ಆನಾ ಇರುವ ವಾಹಾಕಾ ಕಣಿವೆಯ ಬಹಳಷ್ಟು ಮಂದಿ ದುಡಿಮೆ ಹುಡುಕಿಕೊಂಡು ಅಮೆರಿಕದ ಲಾಸ್ ಏಂಜಲೀಸ್ ಸೇರಿದ್ದಾರೆ. ಮೆಕ್ಸಿಕೋದವರು ಅಂದಕೂಡಲೇ ಸ್ಪ್ಯಾನಿಷ್ ಬರುತ್ತದೆ ಎಂದುಕೊಂಡರೆ ಇವರಿಗೆ ಕಷ್ಟ. ಕೋರ್ಟಿನಲ್ಲಿ, ಆಸ್ಪತ್ರೆಯಲ್ಲಿ ಸಾಪೊಟೆಕ್ ದುಭಾಷಿಯೇ ಬೇಕು, ಅದೂ ಅವರ ಊರಿನ ಸಾಪೊಟೆಕ್ ಬಲ್ಲವರು.