ಹೊಸ ವಿಂಡೋಸ್, ಹಳೇ ಪ್ರಿಂಟರ್

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಅದರ ಹಿಂದುಮುಂದು ಎಷ್ಟೋ ಕಚೇರಿಗಳು, ಜೆರಾಕ್ಸ್ ಅಂಗಡಿಗಳು ವಿಂಡೋಸ್ 11 ಹಾಕಿಸಿಕೊಂಡವು. ಉಳಿದದ್ದೆಲ್ಲ ಸರಿಯಾಗಿ ನಡೆಯುತ್ತದೆ. ಪ್ರಿಂಟ್ ಕೊಟ್ಟಾಗ ಮಾತ್ರ ‘ಆಫ್‌ಲೈನ್’ ಅನ್ನುತ್ತದೆ. ಪ್ರಿಂಟರ್ ನೋಡಿದರೆ ದೀಪ ಉರಿಸಿಕೊಂಡು ಸುಮ್ನೆ ಕೂತಿರುತ್ತದೆ.

ಇಂಥ ಹೊತ್ತಿನಲ್ಲಿ ಎಲ್ಲರೂ ಪ್ರಿಂಟರನ್ನೇ ಆಫ್ ಮಾಡಿ ಆನ್ ಮಾಡುತ್ತಾರೆ. ಅದರ ಬದಲು ಫೋನಿನಿಂದಲೋ ಪಕ್ಕದ ಕಂಪ್ಯೂಟರಿನಿಂದಲೋ ಒಂದು ಹಾಳೆ ಪ್ರಿಂಟ್ ಕೊಟ್ಟು ನೋಡಿ. ಬಂತೆಂದರೆ ಪ್ರಿಂಟರ್ ನೆಟ್ಟಗಿದೆ. ಹುಡುಕಬೇಕಾದ್ದು ಅಪ್‌ಗ್ರೇಡ್ ಆದ ಕಂಪ್ಯೂಟರಿನಲ್ಲಿ.

ಮೊದಲು ವಿಳಾಸ ನೋಡೋಣ. ನೆಟ್‌ವರ್ಕಿನ ಪ್ರತಿ ಪ್ರಿಂಟರಿಗೂ 192.168.1.20ರಂಥ ಒಂದು ಐಪಿ ವಿಳಾಸ ಇರುತ್ತದೆ. ಸಾಮಾನ್ಯವಾಗಿ ಅದನ್ನು ಕೊಡುವುದು ರೌಟರ್, ಲಾಡ್ಜಿನವರು ರೂಮು ಕೊಟ್ಟ ಹಾಗೆ. ಇವತ್ತು 20 ಸಿಕ್ಕಿತ್ತು, ಬಿಟ್ಟು ಹೋಗಿ ಮತ್ತೆ ಬಂದರೆ 34 ಸಿಗಬಹುದು. ಕಂಪ್ಯೂಟರ್ ಮಾತ್ರ ಇನ್ನೂ 20ರ ಬಾಗಿಲನ್ನೇ ತಟ್ಟುತ್ತಿರುತ್ತದೆ. ಪ್ರಿಂಟರಿನ ಮೆನುವಿನಲ್ಲಿ ನೆಟ್‌ವರ್ಕ್ ವಿವರ ತೆಗೆದರೆ ಈಗಿನ ವಿಳಾಸ ಗೊತ್ತಾಗುತ್ತದೆ. ಕಮಾಂಡ್ ಪ್ರಾಂಪ್ಟ್‌ನಿಂದ ಅದಕ್ಕೆ ಪಿಂಗ್ ಮಾಡಿ, ಅಂದರೆ ping ಎಂದು ಬರೆದು ಆ ವಿಳಾಸ ಕೊಟ್ಟು ಎಂಟರ್ ಒತ್ತಿ. ಉತ್ತರ ಬಂದರೆ ದಾರಿ ಸರಿ ಇದೆ. ವಿಳಾಸ 169.254 ಎಂದು ಶುರುವಾಗಿದ್ದರೆ ರೌಟರಿನಿಂದ ಪ್ರಿಂಟರಿಗೆ ಏನೂ ಸಿಕ್ಕಿಲ್ಲ ಎಂದರ್ಥ.

ಪಿಂಗ್‌ಗೆ ಉತ್ತರ ಬರುತ್ತದೆ, ಪ್ರಿಂಟ್ ಬರುವುದಿಲ್ಲ ಅಂದರೆ? ಪ್ರಿಂಟರಿನ ಪ್ರಾಪರ್ಟೀಸ್‌ನಲ್ಲಿ ‘ಪೋರ್ಟ್ಸ್’ ನೋಡಿ, ಪ್ರಿಂಟ್ ಕೆಲಸ ಯಾವ ದಾರಿಯಲ್ಲಿ ಹೋಗುತ್ತದೆ ಎನ್ನುವುದು ಅಲ್ಲಿರುತ್ತದೆ. ವಿಂಡೋಸ್ ತಾನೇ ಪ್ರಿಂಟರ್ ಹುಡುಕಿಕೊಂಡಾಗ ಎಷ್ಟೋ ಸಲ ಡಬ್ಲ್ಯುಎಸ್‌ಡಿ ಎಂಬ ಪೋರ್ಟ್ ಮಾಡಿಕೊಳ್ಳುತ್ತದೆ. ಇದಕ್ಕೆ ‘ಯಾರಿದ್ದೀರಿ?’ ಎಂದು ನೆಟ್‌ವರ್ಕಿನಲ್ಲಿ ಕೂಗಿ ಕೇಳಲು ಅನುಮತಿ ಇರಬೇಕು. ಅಪ್‌ಗ್ರೇಡ್ ಆದಮೇಲೆ ನಿಮ್ಮ ವೈಫೈ ‘ಪಬ್ಲಿಕ್’ ಪಟ್ಟಿಗೆ ಸೇರಿದ್ದರೆ ಆ ಕೂಗೇ ಹೊರಗೆ ಹೋಗುವುದಿಲ್ಲ. ‘ಪ್ರೈವೇಟ್’ಗೆ ಬದಲಿಸಿದರೆ ಹಲವು ಪ್ರಿಂಟರುಗಳು ತಾವಾಗಿಯೇ ಎದ್ದು ಬರುತ್ತವೆ. ನನ್ನನ್ನು ಕೇಳಿದರೆ ಡಬ್ಲ್ಯುಎಸ್‌ಡಿ ಸಹವಾಸವೇ ಬೇಡ. ರೌಟರಿನಲ್ಲಿ ಪ್ರಿಂಟರಿಗೆ ಒಂದು ವಿಳಾಸ ಕಾಯಂ ಮಾಡಿ, ವಿಳಾಸ ಹಿಡಿದು ನೇರವಾಗಿ ಹೋಗುವ ಟಿಸಿಪಿ/ಐಪಿ ಪೋರ್ಟ್‌ನಲ್ಲಿ ಅದನ್ನೇ ಕೊಟ್ಟು ಪ್ರಿಂಟರ್ ಸೇರಿಸಿ.

ನಿಜವಾದ ತಲೆನೋವು ಇರುವುದು ಶೇರಿಂಗ್‌ನಲ್ಲಿ. ನಮ್ಮಲ್ಲಿ ಇದೇ ಜಾಸ್ತಿ, ಅಲ್ವಾ? ಒಂದು ಕಂಪ್ಯೂಟರಿಗೆ ಯುಎಸ್‌ಬಿಯಲ್ಲಿ ಪ್ರಿಂಟರ್ ಹಾಕಿ, ಉಳಿದವರೆಲ್ಲ ಅದರ ಮೂಲಕ ಪ್ರಿಂಟ್ ಕೊಡುವುದು. ಅಪ್‌ಗ್ರೇಡ್ ಆದಮೇಲೆ ಇದೇ ಯಾಕೆ ಕೆಡುತ್ತದೆ ಎನ್ನುವುದಕ್ಕೆ ಒಂದು ಚರಿತ್ರೆ ಇದೆ.

ವಿಂಡೋಸ್‌ನಲ್ಲಿ ಪ್ರಿಂಟ್ ಕೆಲಸಗಳನ್ನು ಸಾಲಿನಲ್ಲಿ ನಿಲ್ಲಿಸಿ ಕಳಿಸುವುದು ಸ್ಪೂಲರ್. ಅದಕ್ಕೆ ಕಂಪ್ಯೂಟರಿನ ಮೇಲೆ ಎಲ್ಲ ಅಧಿಕಾರವೂ ಇದೆ. ಹಾಗಾಗಿ ದಾಳಿ ಮಾಡುವವರ ಕಣ್ಣು ಮೊದಲಿನಿಂದಲೂ ಇದರ ಮೇಲೆ. 2010ರಲ್ಲಿ ಬಯಲಿಗೆ ಬಂದ ಕಂಪ್ಯೂಟರ್ ವೈರಸ್ ಸ್ಟಕ್ಸ್‌ನೆಟ್ ಹರಡಿದ ದಾರಿಗಳಲ್ಲಿ ಸ್ಪೂಲರಿನ ಒಂದು ತೂತೂ ಸೇರಿತ್ತು. 2021ರ ಜೂನ್ ಕೊನೆಗೆ ‘ಪ್ರಿಂಟ್‌ನೈಟ್‌ಮೇರ್’ ಎಂಬ ಇನ್ನೊಂದು ತೂತು ಬಯಲಿಗೆ ಬಂತು. ಪ್ರಿಂಟರ್ ಜೊತೆ ಮಾತಾಡಲು ಕಂಪ್ಯೂಟರಿಗೆ ಬೇಕಾದ ಡ್ರೈವರ್ ಎಂಬ ತಂತ್ರಾಂಶದ ವೇಷದಲ್ಲಿ ಕೆಟ್ಟ ಪ್ರೋಗ್ರಾಮನ್ನು ದೂರದಿಂದಲೇ ಒಳಗೆ ತೂರಿಸಬಹುದಿತ್ತು. ಜುಲೈನಲ್ಲಿ ಮೈಕ್ರೋಸಾಫ್ಟ್ ತಿಂಗಳಿಗೊಮ್ಮೆಯ ಮಾಮೂಲಿ ದಿನಕ್ಕೆ ಕಾಯದೆ ಅಪ್‌ಡೇಟ್ ಬಿಟ್ಟಿತು. ಆಗಸ್ಟ್‌ನಿಂದ, ಶೇರ್ ಆದ ಪ್ರಿಂಟರಿನ ಡ್ರೈವರ್ ಇಳಿಸಿಕೊಳ್ಳಲು ಅಡ್ಮಿನ್ ಅಧಿಕಾರ ಬೇಕಾಯಿತು. ಸೆಪ್ಟೆಂಬರ್‌ನಲ್ಲಿ ಎರಡು ಕಂಪ್ಯೂಟರುಗಳ ನಡುವಿನ ಪ್ರಿಂಟ್ ಮಾತುಕತೆ ಇನ್ನಷ್ಟು ಬಿಗಿಯಾಯಿತು. 11ಬಿ ಎಂದು ಮುಗಿಯುವ ಎರರ್ ಅನೇಕರಿಗೆ ಪರಿಚಯವಾಗಿದ್ದು ಆಗಲೇ. ಒಂದು ಕಡೆ ಹೊಸ ಅಪ್‌ಡೇಟ್ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಇವತ್ತಿಗೂ ಅದು ಕಾಣಿಸಿಕೊಳ್ಳುತ್ತದೆ. ವಿಂಡೋಸ್ 11ರ 22ಎಚ್2 ಆವೃತ್ತಿ ಈ ಮಾತುಕತೆಯ ದಾರಿಯನ್ನೇ ಬದಲಿಸಿತು. 24ಎಚ್2ನಲ್ಲಿ ಪಾಸ್‌ವರ್ಡ್ ಇಲ್ಲದೆ ಅತಿಥಿಯಾಗಿ ಒಳಗೆ ಬರುವುದು ಇನ್ನೂ ಕಷ್ಟವಾಯಿತು.

ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಒಂದು ಸಂಖ್ಯೆಯನ್ನು ಸೊನ್ನೆ ಮಾಡಿದರೆ 11ಬಿ ಮಾಯವಾಗುತ್ತದೆ ಎಂದು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಮಾಯವಾಗುವುದು ನಿಜ, ಮುಚ್ಚಿದ್ದ ತೂತು ಮತ್ತೆ ತೆರೆಯುವುದೂ ನಿಜ. ಅದರ ಬದಲು ಎರಡೂ ಕಂಪ್ಯೂಟರುಗಳಿಗೆ ಅಪ್‌ಡೇಟ್ ಹಾಕಿ, ಶೇರ್ ಮಾಡುವ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಇರುವ ಒಂದು ಅಕೌಂಟ್ ಮಾಡಿ, ಅದರಿಂದ ಸೇರಿಕೊಳ್ಳಿ. ಪ್ರಿಂಟರಿಗೆ ಲ್ಯಾನ್ ಅಥವಾ ವೈಫೈ ಇದ್ದರಂತೂ ಶೇರಿಂಗ್ ಯಾಕೆ ಬೇಕು? ನೇರವಾಗಿ ನೆಟ್‌ವರ್ಕಿಗೆ ಹಾಕಿಬಿಡಿ.

ಪ್ರಿಂಟ್ ಬರುತ್ತದೆ, ಸ್ಕ್ಯಾನ್ ಮಾತ್ರ ಫೋಲ್ಡರಿಗೆ ಬಂದು ಬೀಳುವುದಿಲ್ಲ ಎನ್ನುವುದು ಇನ್ನೊಂದು ದೂರು. ಹಳೇ ಯಂತ್ರಗಳು ಫೈಲ್ ಕಳಿಸಲು ಎಸ್‌ಎಂಬಿ1 ಎಂಬ ಹಳೇ ಪದ್ಧತಿ ಬಳಸುತ್ತವೆ. 2017ರ ಮೇ ತಿಂಗಳಲ್ಲಿ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನ್ನಾಕ್ರೈ ವೈರಸ್ ಹರಡಿದ್ದು ಅದೇ ದಾರಿಯಲ್ಲಿ. ಹೊಸದಾಗಿ ಹಾಕಿದ ವಿಂಡೋಸ್ ಆ ರೀತಿ ಫೈಲ್ ತೆಗೆದುಕೊಳ್ಳುವುದನ್ನು ಅದೇ ವರ್ಷದ ಕೊನೆಗೆ ನಿಲ್ಲಿಸಿತು. ಯಂತ್ರಕ್ಕೆ ಹೊಸ ಫರ್ಮ್‌ವೇರ್, ಅಂದರೆ ಅದರೊಳಗಿನ ತಂತ್ರಾಂಶ, ಸಿಗುತ್ತದಾ ನೋಡಿ, ಇಲ್ಲದಿದ್ದರೆ ಪೆನ್‌ಡ್ರೈವ್‌ಗೆ ಸ್ಕ್ಯಾನ್ ಮಾಡಿಕೊಳ್ಳಿ.

ಉಳಿದದ್ದು ಡ್ರೈವರ್. ವಿಂಡೋಸ್ 11 ಇರುವುದು 64 ಬಿಟ್‌ನಲ್ಲಿ ಮಾತ್ರ, 32 ಬಿಟ್ ಡ್ರೈವರ್ ಅದಕ್ಕೆ ಆಗುವುದಿಲ್ಲ. ಈಚಿನ ಪ್ರಿಂಟರುಗಳಿಗೆ ಈ ಚಿಂತೆ ಕಡಿಮೆ. ಐಪಿಪಿ ಎಂಬ ಪದ್ಧತಿಯಲ್ಲಿ ತಮಗೆ ಯಾವ ಹಾಳೆ, ಯಾವ ಬಣ್ಣ ಆಗುತ್ತದೆಂದು ಅವೇ ಹೇಳಿಕೊಳ್ಳುತ್ತವೆ. ಡ್ರೈವರ್ ಹಾಕದೆ ಫೋನಿನಿಂದ ಪ್ರಿಂಟ್ ಬರುವುದು ಹೀಗೆ. ಹಳೇ ಯುಎಸ್‌ಬಿ ಪ್ರಿಂಟರಿಗೆ ಡ್ರೈವರ್ ಎಲ್ಲೂ ಸಿಗದಿದ್ದರೂ ಗುಜರಿಗೆ ಹಾಕಬೇಡಿ. ಲಿನಕ್ಸ್‌ನಲ್ಲಿ ಅದಕ್ಕೆ ಡ್ರೈವರ್ ಇದ್ದರೆ ರಾಸ್ಪ್‌ಬೆರಿ ಪೈ ಎಂಬ ಒಂದು ಪುಟ್ಟ ಕಂಪ್ಯೂಟರ್ ಸಾಕು. ಅದರಲ್ಲಿ ಕಪ್ಸ್ ಎಂಬ ಉಚಿತ ತಂತ್ರಾಂಶ ಹಾಕಿ ಪ್ರಿಂಟರ್ ಜೋಡಿಸಿದರೆ, ವಿಂಡೋಸ್ 11ಕ್ಕೆ ಅದು ಐಪಿಪಿ ಪ್ರಿಂಟರಾಗಿಯೇ ಕಾಣುತ್ತದೆ.